ಗಡಿ ನೋಡಾಕ ಹೋದಾಕಿ

ಆಗಸ್ಟ್ ಮಳೆಯ ಖಾನಾಪುರ, ಹಂಚಿನ ಮನೆಯ ಪಡಸಾಲೆ. ಕಾಕಾ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಹುಡುಗಿ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಈಗ ಜರ್ಮನಿಯ ಆಖೆನ್ ಊರಿನಲ್ಲಿ ಲೋಹ, ಎರಕದ ವಿಷಯ ಓದುತ್ತಿದ್ದಾಳೆ. ಸೆಮಿಸ್ಟರ್ ರಜೆಗೆ ಬಂದಿದ್ದಾಳೆ.

ಕಾಕಾ: ನಿನ್ನ ಮೊಬೈಲ್‌ದಾಗಿನ ಫೋಟೋ ಎಲ್ಲಾ ನೋಡಿದೆ, ತಂಗಿ. ಎಲ್ಲಾದರಾಗೂ ನೀ ದೊಡ್ಡಾಕಿ, ಚರ್ಚು ಸಣ್ಣದು. ನೀ ಅದನ್ನ ನೋಡಾಕ ಹೋಗಿದ್ದ್ಯೋ, ಅದು ನಿನ್ನ ನೋಡಾಕ ಬಂದಿತ್ತೋ?

ಹುಡುಗಿ: ಅದು ಕಲೋನ್‌ದ ಚರ್ಚು ಕಾಕಾ. 157 ಮೀಟರ್ ಎತ್ತರ ಐತಿ. ಸ್ಟೇಶನ್ ಬಾಗಲಾ ದಾಟಿ ಕಾಲಿಟ್ಟರ ಸಾಕು, ಮೈಮ್ಯಾಲ ಬಂದಂಗ ನಿಂತಿರತೈತಿ. ಪೂರ್ತಿ ಫೋಟೋದಾಗ ಹಿಡಿಯೂದ ಆಗೂದಿಲ್ಲ. ಅದಕ್ಕ ಎಲ್ಲಾರೂ ತಮ್ಮ ಮಾರಿ ತಕ್ಕೊಂಡು ಬರ್ತಾರ.

ಕಾಕಾ: 1248ರಾಗ ಪಾಯಾ ಹಾಕಿ 1880ಕ್ಕ ಮುಗಿಸಿದ್ದು ಅದೇ ಅಲ್ಲ? ಕ್ಲಾಸಿನ್ಯಾಗ ಹೇಳಿದಾಗೆಲ್ಲ ಹುಡುಗರು ನಗ್ತಿದ್ರು. ನಮ್ಮ ಕಂತ್ರಾಟದಾರರಿಗೆ ಅದೊಂದು ಸಮಾಧಾನ.

ಹುಡುಗಿ: ನಡುವ ಮುನ್ನೂರು ವರ್ಷ ಕೆಲಸಾನ ನಿಂತಿತ್ತು. ಅರ್ಧಾ ಕಟ್ಟಿದ ಗೋಪುರದ ಮ್ಯಾಲ ಕಟ್ಟಿಗಿ ಕ್ರೇನ್ ಹಂಗ ನಿಂತು ಊರಿನ ಗುರುತೇ ಆಗಿತ್ತಂತ. ನನಗ ಅದೊಂದು ಸಂಗತಿ ಮನಸಿನಾಗ ಉಳೀತು. ಉಳಿದದ್ದೆಲ್ಲ ಗದ್ದಲದಾಗ ನೋಡಿದ್ದು. ಕಲೋನ್ ಬಗ್ಗೆ ಹೋದವರೆಲ್ಲ ಬರದಾರ, ಬಿಡ್ರಿ.

ಕಾಕಾ: ಹಂಗಾದ್ರ ನೀ ಕಣ್ಣು ಬಿಟ್ಟು ನೋಡಿದ್ದು ಏನು?

ಹುಡುಗಿ: ಆಖೆನ್‌ದ ಒಂದು ಬಾಗಲಾ.

ಕಾಕಾ: ಬಾಗಲಾ?

ಹುಡುಗಿ: ಹೌದ್ರಿ. ಶಾರ್ಲೆಮೇನ್ ಚಕ್ರವರ್ತಿ ಕಟ್ಟಿಸಿದ ಚರ್ಚಿನ ಕಂಚಿನ ಬಾಗಲಾ. ಕ್ರಿ.ಶ. 800ರ ಸುಮಾರಿಗೆ ಎರಕಾ ಹೊಯ್ದದ್ದು. ಒಂದೊಂದು ಪಡಕಾ ನಾಕು ಮೀಟರ್ ಹತ್ತಿರ ಎತ್ತರ, ಎರಡು ಟನ್ನಿಗೂ ಮಿಕ್ಕಿ ತೂಕ. ತುಂಡು ತುಂಡು ಜೋಡಿಸಿದ್ದಲ್ಲ ಕಾಕಾ, ಇಡೀ ಪಡಕಾ ಒಂದೇ ಎರಕ. ನಾ ಉದ್ಯಮಬಾಗದ ಫೌಂಡ್ರ್ಯಾಗ ಇಂಟರ್ನ್‌ಶಿಪ್ ಮಾಡುವಾಗ ಪಂಪಿನ ಕೇಸಿಂಗ್ ಹೊಯ್ಯೂದು ನೋಡೀನಿ. ಅಷ್ಟು ಸಣ್ಣ ಸಾಮಾನಿನ್ಯಾಗೂ ಬ್ಲೋಹೋಲ್ ಬಿದ್ದು ರಿಜೆಕ್ಷನ್ ಆಗ್ತಿದ್ದು. ಉಸುಕಿನ್ಯಾಗ ಹಸಿ ಒಂದಿಷ್ಟು ಹೆಚ್ಚಾದ್ರ ಮುಗೀತು. ಈಗಿನ ಮಷೀನು, ಈಗಿನ ಫರ್ನೇಸು ಇದ್ದು ಹಂಗ. ಸಾವಿರದಾ ಇನ್ನೂರು ವರ್ಷದ ಹಿಂದ ಎರಡು ಟನ್ ಕಂಚು ಕರಗಿಸಿ, ಅದು ಆರೂದ್ರೊಳಗ ಒಂದೇ ಅಚ್ಚಿನ್ಯಾಗ ತುಂಬಿದವರ ಕೈ ಎಂಥಾದ್ದಿರಬೇಕು! ಬಂದ ಮಂದಿ ಎಲ್ಲಾ ಒಳಗಿನ ಬಂಗಾರದ ಬಣ್ಣದ ಕುಸುರಿ ನೋಡಾಕ ಓಡ್ತಿದ್ರು. ನಾ ಬಾಗಲದ ಮುಂದನ ನಿಂತಬಿಟ್ಟೆ. ಜೋಡಿನ ಗುರುತು ಎಲ್ಲೆರ ಕಾಣತೈತೇನು ಅಂತ ಬೆರಳಾಡಿಸಿ ನೋಡಿದೆ. ಕಾವಲುಗಾರ ಬಂದು, ‘ಬೆರಳು ಸಿಗತೇನು?’ ಅಂತ ಕೇಳಿದ.

ಕಾಕಾ: ಯಾರ ಬೆರಳು?

ಹುಡುಗಿ: ಸೈತಾನಂದು! ಅದೊಂದು ಕತಿ ಐತಿ. ಚರ್ಚು ಕಟ್ಟಾಕ ಊರಿನವರ ಹಂತೇಕ ರೊಕ್ಕ ಸಾಲಲಿಲ್ಲ. ಸೈತಾನ ಬಂದು, ‘ರೊಕ್ಕ ನಾ ಕೊಡ್ತೀನಿ, ಒಳಗ ಮೊದಲು ಕಾಲಿಟ್ಟ ಜೀವ ನಂದು’ ಅಂದ. ಆತಪಾ ಅಂತ ಒಪ್ಪಿದ್ರು. ಕಟ್ಟಿ ಮುಗದ ಮ್ಯಾಲ ಮಂದಿ ಒಳಗ ಹೋಗಲಿಲ್ಲ, ಕಾಡಿನ್ಯಾಗಿಂದ ಒಂದು ತ್ವಾಳಾ ಹಿಡಕೊಂಡು ಬಂದು ಒಳಗ ಬಿಟ್ರು. ಮೋಸ ಆತು ಅಂತ ಸೈತಾನ ಸಿಟ್ಟಿಗೆದ್ದು ಬಾಗಲಾ ಧಡಲ್ ಅಂತ ಹಾಕಿ ಹೊರಗ ಬಿದ್ದ. ಆ ರಭಸಕ್ಕ ಅವನ ಹೆಬ್ಬೆರಳು ಸಿಕ್ಕೊಂಡು ತುಂಡಾತು. ಬಾಗಲದ ಮ್ಯಾಲ ಸಿಂಹದ ತಲಿ ಐತಿ. ಅದರ ಬಾಯಾಗ ಬೆರಳು ಹಾಕಿದ್ರ ಒಳಗ ಏನೋ ಹತ್ತತೈತಿ. ಅದೇ ಆ ಹೆಬ್ಬೆರಳು ಅಂತ.

ಕಾಕಾ: ಸೈತಾನಗ ಟೋಪಿ ಹಾಕಿ ದೇವರ ಮನಿ ಕಟ್ಟಿದ್ರಲ್ಲ! ಭೇಷ್. ಸಾಲ ಕೊಟ್ಟಾಂವನ್ನ ಹಿಂಗ ಕಳಿಸಾಕ ಬರ್ತಿದ್ರ ನಿಮ್ಮಪ್ಪಗ ಎಷ್ಟು ಹಗೂರ ಆಗ್ತಿತ್ತು. ಖಾತೇದಾಗ ತುಂಬಿದ್ದು ಎಷ್ಟವಾ?

ಹುಡುಗಿ: ವರ್ಷಕ್ಕ 11,904 ಯುರೋ. ವೀಸಾ ಸಿಗಬೇಕಂದ್ರ ಅಷ್ಟು ಮೊದಲೇ ಬ್ಲಾಕ್ಡ್ ಅಕೌಂಟಿನ್ಯಾಗ ಇಡಬೇಕು. ಅಲ್ಲೆ ಹೋದ ಮ್ಯಾಲ ತಿಂಗಳಿಗೆ 992 ಬಿಡ್ತಾರ. ನನ್ನ ಕೋರ್ಸಿಗೆ ಟ್ಯೂಶನ್ ಫೀ ಇಲ್ಲ. ಸೆಮಿಸ್ಟರಿಗೊಮ್ಮೆ ತುಂಬೂ ರೊಕ್ಕದಾಗ ರೈಲು ಬಸ್ಸಿನ ಪಾಸೂ ಬರತೈತಿ. ಭಾಳ ವೇಗದ ರೈಲು ಬಿಟ್ರ ಉಳಿದದ್ದೆಲ್ಲ ಹತ್ತಬಹುದು. ನಾ ನೋಡಿದ್ದೆಲ್ಲ ಆ ಪಾಸಿನ ಪುಣ್ಯೇ. ಪ್ಯಾರಿಸು, ಸ್ವಿಟ್ಜರ್ಲ್ಯಾಂಡು ಅಂತ ಮೊದಲ ದೀಪಾವಳಿ ಹೊತ್ತಿಗೇ ಸುತ್ತಾಡಿ ಬಂದ ಗೆಳತ್ಯಾರು ಅದಾರ. ನಂದು ಪಾಸು ನಡದಲ್ಲಿ ತನಕ.

ಕಾಕಾ: ಚರ್ಚಿನ ಒಳಗ ಏನಿತ್ತು, ಅದನ್ನ ಹೇಳು.

ಹುಡುಗಿ: ಎಂಟು ಮೂಲಿ ಕಟ್ಟಡ. ಮ್ಯಾಲಿನ ಅಂತಸ್ತಿನ್ಯಾಗ ಶಾರ್ಲೆಮೇನ್‌ನ ಸಿಂಹಾಸನ. 936ರಿಂದ 1531ರ ತನಕ ಜರ್ಮನಿಯ ರಾಜರಿಗೆ ಅಲ್ಲೇ ಪಟ್ಟ ಕಟ್ಟಿದ್ರಂತ. ನಾ ಬಂಗಾರ, ರತ್ನ ಏನೇನೋ ನೆನಸಿದ್ದೆ. ನೋಡಿದ್ರ ನಾಕು ಸಾದಾ ಅಮೃತಶಿಲಾ ಹಾಸು, ಕಂಚಿನ ಪಟ್ಟಿ ಹಾಕಿ ಬಿಗದಾರ. ಜೆರೂಸಲೇಮಿನ ಪವಿತ್ರ ಸಮಾಧಿಯಿಂದ ತಂದ ಕಲ್ಲು ಅಂತ ನಂಬಿಕಿ. ಗೈಡ್ ಬ್ಯಾಟರಿ ಬಿಟ್ಟು ಒಂದು ಬಾಜೂದ ಹಾಸು ತೋರಿಸಿದ. ಕಲ್ಲಿನ ಮ್ಯಾಲ ಗೀರಿದ್ದು ಏನಂತೀರಿ? ಒಂದರೊಳಗೊಂದು ಚೌಕ, ನಡುವಿನಿಂದ ಅಡ್ಡ ಗೀಟು...

ಕಾಕಾ: ನವಕಂಕರಿ! ಸಾಲುಮನಿ ಆಟ!

ಹುಡುಗಿ: ಅದೇ! ಅಜ್ಜಿ ಕಟ್ಟಿ ಮ್ಯಾಲ ಸೀಮಿಸುಣ್ಣದಾಗ ಬರದು ಹುಣಸಿ ಬೀಜ, ಹಳ್ಳು ಇಟ್ಟು ಆಡಸ್ತಿದ್ಲಲ್ಲ, ಅದೇ ಆಟದ ಮನಿ. ಚಕ್ರವರ್ತಿ ಸಿಂಹಾಸನ ಆಗೂಕಿಂತ ಮುಂಚೆ ಆ ಕಲ್ಲು ಯಾವುದೋ ನೆಲದ ಹಾಸಾಗಿತ್ತು, ಅದರ ಮ್ಯಾಲ ಕುಂತು ಸಿಪಾಯಿಗಳೋ ಯಾರೋ ಆಡಿದ್ರು ಅಂತ ಗೈಡ್ ಹೇಳಿದ. ಗುಂಪಿನ್ಯಾಗ ಅದು ಯಾವ ಆಟ ಅಂತ ಮೊದಲು ಹೇಳಿದಾಕಿ ನಾನೇ.

ಕಾಕಾ: ನಮ್ಮ ಕಡಿ ಹಳೇ ಗುಡಿಗಳ ಹಾಸುಗಲ್ಲಿನ ಮ್ಯಾಲೂ ಆ ಗೀಟು ಕಾಣ್ತಾವು. ಅಲ್ಲ, ನೀ ಅಲ್ಲೆ ನಿಂತು ಇಲ್ಲಿದು ನೆನಸ್ತೀಯಲ್ಲ, ಇಲ್ಲಿದು ನೋಡಿದ್ದು ಯಾವಾಗ? ಹಲಸಿಗೆ ಕಡೀಗೆ ಹೋದದ್ದು ಯಾವಾಗ?

ಹುಡುಗಿ: ಐದನೇತ್ತಾದಾಗ ಸಾಲಿ ಪಿಕ್ನಿಕ್ಕಿಗೆ. ಚುರುಮುರಿ ಚೂಡಾ ತಿಂದದ್ದು ನೆನಪೈತಿ.

ಕಾಕಾ: ಗುಡಿ ನೆನಪಿಲ್ಲ, ಚೂಡಾ ನೆನಪೈತಿ! ಕೇಳು. ಹಲಸಿ ಕದಂಬರ ಎರಡನೇ ರಾಜಧಾನಿ. ಅಲ್ಲೆ ಸಿಕ್ಕ ತಾಮ್ರಪಟದಾಗ ಕಾಕುಸ್ಥವರ್ಮ ತನ್ನ ಸೇನಾಪತಿ ಶ್ರುತಕೀರ್ತಿಗೆ ಭೂಮಿ ಕೊಟ್ಟದ್ದೈತಿ. ಐದನೇ ಶತಮಾನದ ಮಾತು. ನಿನ್ನ ಶಾರ್ಲೆಮೇನ್ ಹುಟ್ಟಾಕ ಇನ್ನೂ ಮುನ್ನೂರು ವರ್ಷ ಇತ್ತು. ಭೂವರಾಹ ನರಸಿಂಹ ಗುಡಿ 1169ರದು, ಗೋವಾ ಕದಂಬರ ಶಿವಚಿತ್ತ ಪೆರ್ಮಾಡಿಯ ಕಾಲದ್ದು. ಗರ್ಭಗುಡಿ ಎರಡು, ಎದರಾಬದರಾ.

ಹುಡುಗಿ: 1169? ಆಖೆನ್ ಚರ್ಚಿನ ನಡುವ ತೂಗಬಿಟ್ಟ ದೊಡ್ಡ ದೀಪದ ಚಕ್ರ ಐತಿ, 48 ಮೇಣಬತ್ತಿದು. ಬಾರ್ಬರೋಸಾ ಚಕ್ರವರ್ತಿ ಕೊಟ್ಟದ್ದು. ಅದೂ 1165–70ರ ನಡುವಿಂದು!

ಕಾಕಾ: ಮತ್ತ! ಅದನ್ನ ಅಲ್ಲೆ ಬೋರ್ಡಿನ ಮ್ಯಾಲ ಬರದಾರ, ನೀ ಓದಿದಿ. ಇಲ್ಲಿದನ್ನೂ ಶಾಸನದಾಗ ಬರದಾರ, ನೀ ಚೂಡಾ ತಿಂದಿ. ಬೆಳಗಾವಿ ಕೋಟಿ ಒಳಗ ಕಮಲ ಬಸದಿ ಐತಿ, 1204ರಾಗ ರಟ್ಟರ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಛತ್ತಿನಿಂದ ಇಳಿಬಿದ್ದ ಕಲ್ಲಿನ ಕಮಲ ನೋಡಬೇಕು. ಇಂಜಿನಿಯರಿಂಗ್ ಓದುವಾಗ ದಿನಾ ಕೋಟಿ ಬಾಜೂಕ ಬಸ್ ಹಿಡದು ಹೋಗ್ತಿದ್ದಿ, ಒಳಗ ಕಾಲಿಟ್ಟಿದ್ದ್ಯೇನು?

ಹುಡುಗಿ: ಇಲ್ಲರಿ. ಆದ್ರ ಕಾಕಾ, ಊರಾಗ ಇದ್ದಾಗ ಯಾರೂ ಪ್ರವಾಸಿ ಆಗಿರೂದಿಲ್ಲ. ಆಖೆನ್‌ದಾಗ ಹುಟ್ಟಿದ ನನ್ನ ಕ್ಲಾಸಿನ ಹುಡುಗ ಆ ಸಿಂಹಾಸನ ಇನ್ನೂ ನೋಡಿಲ್ಲ. ಟಿಕೆಟ್ ಯಾಕ ತಗೀಬೇಕು ಅಂದ.

ಕಾಕಾ: ಅದೂ ಖರೇ. ನಾವು ಹೊರಗಿನಾವರ ಕಣ್ಣಿಗೆ ಬಿದ್ದ ಮ್ಯಾಲನ ನಮ್ಮದನ್ನ ನೋಡೂದು. ಹಲಸಿ ತಾಮ್ರಪಟ ಓದಿ ಅಚ್ಚು ಹಾಕಿಸಿದಾಂವ ಫ್ಲೀಟ್ ಸಾಹೇಬ. ಹೋಗಲಿ. ನಮ್ಮ ಕಡಿಂದ ಯುರೋಪಿಗೆ ಓದಾಕ ಹೋದವರು ನಿನಗಿಂತ ಮೊದಲೂ ಇದ್ರು ಅನ್ನೂದು ಗೊತ್ತಿರಲಿ. ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು 1920ರ ದಶಕದಾಗ ಕೇಂಬ್ರಿಜ್‌ದಾಗ ಗಣಿತ ಕಲಿತು ರ‍್ಯಾಂಗ್ಲರ್ ಆದ್ರು. ಮುಂದ ಕರ್ನಾಟಕ ವಿಶ್ವವಿದ್ಯಾಲಯ ಬೆಳಿಸಿದವರು ಅವರೇ. ವಿನಾಯಕ ಗೋಕಾಕರು ಆಕ್ಸ್‌ಫರ್ಡಿಗೆ ಹಡಗಿನ್ಯಾಗ ಹೋಗಿ ‘ಸಮುದ್ರದಾಚೆಯಿಂದ’ ಬರದ್ರು. ಅವರಿಗೆಲ್ಲಾ ಹಾದ್ಯಾಗ ವಾರಗಟ್ಟಲೆ ಸಮುದ್ರ ಇತ್ತು, ವಿಚಾರ ಮಾಡಾಕ ಪುರಸೊತ್ತು ಇತ್ತು. ನೀ ರಾತ್ರಿ ಹತ್ತಿ ಮುಂಜಾನೆ ಇಳದಿ.

ಹುಡುಗಿ: ಅದಕ್ಕ ಮೊದಲ ವಾರ ತಲಿ ಖಾನಾಪುರದಾಗ, ಕಾಲು ಆಖೆನ್‌ದಾಗ.

ಕಾಕಾ: ಇನ್ನೂ ಹಿಂದಿನ ಮಾತು ಹೇಳ್ತೀನಿ. 1870ರಾಗ ಕೊಲ್ಲಾಪುರದ ರಾಜಾರಾಮ ಮಹಾರಾಜ ಯುರೋಪ ನೋಡಾಕ ಹೋದ. ಇಪ್ಪತ್ತರ ಹುಡುಗ. ನೋಡಿದ್ದನ್ನೆಲ್ಲ ಡೈರಿಯಾಗ ಬರದ. ಹೊಳ್ಳಿ ಬರುವಾಗ ಇಟಲಿಯ ಫ್ಲಾರೆನ್ಸ್‌ದಾಗ ಜಡ್ಡು ಬಿದ್ದು ನವೆಂಬರ್ 30ಕ್ಕ ತೀರಿಕೊಂಡ. ಆರ್ನೋ ನದಿಗೆ ಇನ್ನೊಂದು ಹೊಳಿ ಕೂಡೂ ಸಂಗಮದಾಗ, ನಮ್ಮ ಪದ್ಧತಿ ಪ್ರಕಾರ ದಹನ ಮಾಡಿದ್ರು. ಅದೇ ಜಾಗಾದಾಗ ಅವನ ಮೂರ್ತಿ ಕೂಡಿಸ್ಯಾರ, ಮ್ಯಾಲ ಛತ್ರಿ. ಬಾಜೂದ ಸೇತುವಿಗೆ ಇವತ್ತಿಗೂ ‘ಇಂಡಿಯಾನೋ’ ಅಂತ ಹೆಸರು. ಡೈರಿ 1872ರಾಗ ಲಂಡನ್‌ದಾಗ ಪುಸ್ತಕ ಆಗಿ ಬಂತು. ಬರದಾಂವ ಊರಿಗೆ ಬರಲಿಲ್ಲ, ಬರದದ್ದು ಬಂತು. ನೀ ಡೈರಿ ಬರ್ಯಾಕ ಹತ್ತೀಯೋ, ಬರೇ ಫೋಟೋನೋ?

ಹುಡುಗಿ: ಬರೀತೀನಿ ಕಾಕಾ. ಆದ್ರ ಚರ್ಚು, ಅರಮನಿ ಅದರಾಗ ಕಡಿಮಿ. ನನ್ನ ಡೈರಿ ತುಂಬ ಗಡಿ ಐತಿ.

ಕಾಕಾ: ಗಡಿ? ಬೆಳಗಾವ್ಯಾಗ ಅದನ್ನ ಕೇಳಿ ಕೇಳಿ ಕಿವಿ ತೂತು ಬಿದ್ದಾವು. ಅದನ್ನ ನೋಡಾಕ ಯುರೋಪಿಗೆ ಹೋಗಬೇಕಿತ್ತೇನು?

ಹುಡುಗಿ: ಅದಕ್ಕ ನೋಡಾಕ ಹೋದೆ! ಆಖೆನ್‌ದಿಂದ ಬಸ್ ಹತ್ತಿದ್ರ ಸ್ವಲ್ಪ ಹೊತ್ತಿಗೆ ವಾಲ್ಸ್ ಅನ್ನೂ ಊರು. ಅದು ನೆದರ್ಲ್ಯಾಂಡ್ಸ್. ಗಡಿ ಎಲ್ಲಿತ್ತು ಅಂತ ಕಿಡಕಿಗೆ ಮಾರಿ ಹಚ್ಚಿ ನೋಡಿದೆ. ಮನಿ ನಂಬರ್ ಪ್ಲೇಟಿನ ನಮೂನಿ ಬದಲಾತು, ಕಾರಿನ ಹಿಂದಿನ ಪಾಟಿ ಹಳದಿ ಆತು. ಅಷ್ಟ. ಊರಿಂದ ಗುಡ್ಡ ಏರಿದ್ರ ಮೂರು ದೇಶ ಕೂಡೂ ಜಾಗಾ. ಜರ್ಮನಿ, ನೆದರ್ಲ್ಯಾಂಡ್ಸ್, ಬೆಲ್ಜಿಯಂ. ಒಂದು ಕಲ್ಲಿನ ಕಂಬ, ಸುತ್ತ ಧ್ವಜ, ಬಾಜೂಕ ಹೋಟೆಲ್ಲು. 322 ಮೀಟರ್ ಎತ್ತರ. ನೆದರ್ಲ್ಯಾಂಡ್ಸ್‌ನ ಮುಖ್ಯ ಭೂಭಾಗದಾಗ ಅದಕ್ಕಿಂತ ಎತ್ತರ ಜಾಗಾನ ಇಲ್ಲ.

ಕಾಕಾ: 322 ಮೀಟರಿಗೆ ಗುಡ್ಡ ಅಂತಾರ? ನಾವೀಗ ಕುಂತ ಪಡಸಾಲೀನ 600 ಮೀಟರಿಗೂ ಮ್ಯಾಲ ಐತಿ.

ಹುಡುಗಿ: ಅದನ್ನ ಅಲ್ಲೆ ಹೇಳಿ ಸೈ ಅನಿಸಿಕೊಂಡೇನಿ. ಸಣ್ಣ ಹುಡುಗರು ಕಂಬದ ಸುತ್ತ ಓಡ್ತಿದ್ವು, ಒಂದು ಸುತ್ತಿಗೆ ಮೂರು ದೇಶ. ನಾ ಅಲ್ಲೆ ಕುಂತು ಚಪಾತಿ ಸುರಳಿ ಬಿಚ್ಚಿದೆ. ಬಾಜೂಕ ಕುಂತ ಮುದುಕಪ್ಪ ಮಾತಿಗಿಳದ. ಹಿಂದಕ ಇಲ್ಲಿ ಮೂರಲ್ಲ, ನಾಕು ಗಡಿ ಇದ್ದು ಅಂದ. 1816ರಾಗ ಪ್ರಶ್ಯಾ ಮತ್ತ ನೆದರ್ಲ್ಯಾಂಡ್ಸ್ ಗಡಿ ಗೀಟು ಹಾಕುವಾಗ ನಡುವ ಒಂದು ಸತುವಿನ ಗಣಿ ಬಂತಂತ. ಅದರ ಅದಿರು ತಾಮ್ರಕ್ಕ ಕೂಡಿಸಿದ್ರ ಹಿತ್ತಾಳಿ. ಸುತ್ತಲಿನ ಊರುಗಳ ಹಿತ್ತಾಳಿ ಕೆಲಸ ನಡೀತಿದ್ದದ್ದು ಅದರ ಮ್ಯಾಲ. ಇಬ್ಬರೂ ಬಿಡಲಿಲ್ಲ. ಕಡೀಗೆ ಗಣಿ ಸುತ್ತಲಿನ ಮೂರೂವರಿ ಚದರ ಕಿಲೋಮೀಟರ್ ಯಾರದೂ ಅಲ್ಲ ಅಂತ ಬಿಟ್ರು. ಮೋರೆಸ್ನೆಟ್ ಅಂತ ಹೆಸರು. 1885ರಾಗ ಗಣಿ ಬರಿದಾತು, ಆದ್ರ ಆ ಯಾರದೂ ಅಲ್ಲದ ನಾಡು ಮೊದಲ ಮಹಾಯುದ್ಧದ ತನಕ ಹಂಗ ಇತ್ತು. 1920ರಾಗ ಬೆಲ್ಜಿಯಂ ಪಾಲಾತು.

ಕಾಕಾ: ಇದ್ದದ್ದು ಹೋತು, ಇರಲಾರದ್ದಕ್ಕ ಜಗಳಾ ಉಳೀತು. ಮಾತು ಯಾವದು ಅಲ್ಲಿಯವರದು?

ಹುಡುಗಿ: ಅದೇ ಮಜಾ. ವಾಲ್ಸಿನ ಹಳೇ ಮಂದಿ ಮನ್ಯಾಗ ಆಡೂ ಮಾತು ಆಖೆನ್ ಮುದುಕರ ಮಾತಿಗೆ ಭಾಳ ಹತ್ತಿರ. ಸಾಲ್ಯಾಗ ಮಾತ್ರ ಒಬ್ಬರು ಡಚ್, ಇನ್ನೊಬ್ಬರು ಜರ್ಮನ್ ಕಲೀತಾರ. ಅತ್ತಾಗ ಬೆಲ್ಜಿಯಂದ ಓಯ್ಪೆನ್ ಕಡಿ ಜರ್ಮನ್ ಆಡವರು 80,000 ಮಂದಿ ಹತ್ತಿರ ಅದಾರ. ಅಷ್ಟು ಮಂದಿಗೆ ಅಂತ ಬ್ಯಾರೇನ ಒಂದು ಪಾರ್ಲಿಮೆಂಟ್ ಐತಿ, 25 ಸದಸ್ಯರು.

ಕಾಕಾ: ಏನಂದಿ? 80,000 ಮಂದಿಗೆ ಪಾರ್ಲಿಮೆಂಟು? ಇದನ್ನ ಬೆಳಗಾವ್ಯಾಗ ಜೋರಾಗಿ ಹೇಳಬ್ಯಾಡ.

ಹುಡುಗಿ: ಇನ್ನೊಂದು ಹೇಳ್ತೀನಿ, ಅದನ್ನೂ ಹೇಳೂದು ಬ್ಯಾಡ. ಆಖೆನ್‌ದ ಹತ್ತಿರನ ಬೆಲ್ಜಿಯಂದಾಗ ವೂರೆನ್ ಅಂತ ಆರು ಹಳ್ಳಿ ಅದಾವ. ಡಚ್ ಆಡವರೂ ಅದಾರ, ಫ್ರೆಂಚ್ ಆಡವರೂ ಅದಾರ. 1963ರಾಗ ಸರಕಾರ ಭಾಷಾ ಗಡಿ ಹಾಕಿ ಆ ಹಳ್ಳಿ ಲಿಯೇಜ್ ಪ್ರಾಂತದಿಂದ ತಗದು ಡಚ್ ಕಡಿ ಲಿಂಬರ್ಗಿಗೆ ಸೇರಿಸ್ತು. ಜಗಳಾ ಶುರು. 80ರ ದಶಕದಾಗ ಅಲ್ಲಿಯ ಮೇಯರ್, ‘ನಾ ಡಚ್ ಮಾತಾಡೂದಿಲ್ಲ’ ಅಂತ ಹಠ ಹಿಡದ. 1987ರಾಗ ಅದೇ ಗದ್ದಲದಾಗ ದೇಶದ ಸರಕಾರನ ಬಿತ್ತು. ಊರ ಹೆಸರಿನ ಫಲಕದಾಗ ಎರಡು ಭಾಷಾ ಇರ್ತಾವು, ರಾತ್ರೋರಾತ್ರಿ ಒಂದಕ್ಕ ಬಣ್ಣಾ ಬಳದು ಹೋಗೂದು.

ಕಾಕಾ: ಅಯ್ಯ! ಅಲ್ಲೂ ಮಸಿ ಬಳೀತಾರ?

ಹುಡುಗಿ: ಬಳೀತಾರ! ನಮ್ಮ ಓಣ್ಯಾಗ ಹಾಲಿನಾಂವ ಮರಾಠಿ, ಪೇಪರಿನಾಂವ ಕನ್ನಡ, ಮೀನ ಮಾರಾಕ ಬರೂ ಬಾಯಿ ಕೊಂಕಣಿ. ಮೂವರ ಕೂಡನೂ ಅವ್ವ ಚೌಕಾಶಿ ಮಾಡ್ತಾಳ. ಅಲ್ಲೂ ಅಂಗಡ್ಯಾಗ ಹಂಗ. ಬ್ರೆಡ್ ಮಾರಾಕಿ ಗಿರಾಕಿ ಮಾರಿ ನೋಡಿ ಭಾಷಾ ಬದಲಿ ಮಾಡ್ತಾಳ. ಜಗಳಾ ಆಗೂದು ಫಲಕದ ಮುಂದ.

ಕಾಕಾ: ನಾ ಕನ್ನಡ ಸಾಲಿ ಹುಡುಗ ಇದ್ದಾಗ, 1967ರಾಗ, ಮಹಾಜನ ಆಯೋಗದ ವರದಿ ಬಂತು. ಬೆಳಗಾವಿ ನಮ್ಮ ಕಡೀನ ಇರಲಿ, ನಿಪ್ಪಾಣಿ, ಖಾನಾಪುರ, ನಂದಗಡ ಮಹಾರಾಷ್ಟ್ರಕ್ಕ ಹೋಗಲಿ ಅಂತ. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಾಗ ಸುಪ್ರೀಂ ಕೋರ್ಟಿಗೆ ಹೋತು. ಆ ವರದಿ ಆಗ ಜಾರಿ ಆಗಿದ್ರ ನೀ ಮಹಾರಾಷ್ಟ್ರದಾಕಿ ಅಂತ ಪಾಸ್‌ಪೋರ್ಟ್ ಮಾಡಿಸಿ ಹೋಗ್ತಿದ್ದಿ. ಬೆಳಗಾವಿ 26 ಕಿಲೋಮೀಟರ್, ಆದ್ರ ಬ್ಯಾರೆ ರಾಜ್ಯ. ಈಗೂ ಎರಡೂ ಕಡಿ ಗದ್ದಲ ಎದ್ದಾಗ ಮೊದಲು ನಿಲ್ಲೂದು ಬಸ್ಸು. ನಿಮ್ಮಲ್ಲೆ ಗಡಿಯಾಗ ಯಾರೂ ನಿಲ್ಲಸೂದಿಲ್ಲ ಅಂದಿ. ಅಷ್ಟರ ಮಟ್ಟಿಗೆ ಅವರು ಶಾಣ್ಯಾರು.

ಹುಡುಗಿ: ಹಂಗಂತ ನಾನೂ ಮೊದಲು ಬರದಿದ್ದೆ. 1985ರಾಗ ಶೆಂಗೆನ್ ಅನ್ನೂ ಹಳ್ಳ್ಯಾಗ ನದಿ ಮ್ಯಾಲ ಹಡಗಿನ್ಯಾಗ ಕುಂತು ಒಪ್ಪಂದಕ್ಕ ಸಹಿ ಹಾಕಿದ್ರು, ಹತ್ತು ವರ್ಷಕ್ಕ ಗಡಿ ಕಟ್ಟಿ ಖಾಲಿ ಆದ್ವು. ಆದ್ರ 2024ರ ಸೆಪ್ಟೆಂಬರಿನ್ಯಾಗ ಜರ್ಮನಿ ತನ್ನ ಎಲ್ಲಾ ಭೂಗಡಿಗೂ ತಪಾಸಣಿ ಹಾಕ್ತು. ಲಿಯೇಜ್ ನೋಡಿ ಸಂಜೀಕ ಹೊಳ್ಳಿ ಬರುವಾಗ ಪೊಲೀಸರು ಬಸ್ ಹತ್ತಿದ್ರು. ಬಸ್ಸಿನ ತುಂಬ ಮಂದಿ. ಕಾರ್ಡ್ ಕೇಳಿದ್ದು ನನಗ, ಮತ್ತ ಹಿಂದಿನ ಸೀಟಿನ ಒಬ್ಬ ಆಫ್ರಿಕಾದ ಹುಡುಗಗ. ಮರ್ಯಾದಿಲೆ ಕೇಳಿದ್ರು, ನೋಡಿ ಹೊಳ್ಳಿ ಕೊಟ್ರು. ಆದ್ರ ಉಳಿದವರು ಯಾರೂ ಕಿಸೇಕ ಕೈ ಹಾಕಲಿಲ್ಲ. ಗಡಿ ಇಲ್ಲ ಅನ್ನೂದು ಯಾರಿಗೆ ಅಂತ ಅವತ್ತು ತಿಳೀತು. ಅವತ್ತಿನ ಡೈರಿ ಪಾನ ಉದ್ದ ಐತಿ.

ಕಾಕಾ: ನಿಮ್ಮಜ್ಜನೂ ಹಿಂಗ ಒಂದು ಕತಿ ಹೇಳ್ತಿದ್ರು. ಲೋಂಡಾ ದಾಟಿ ಕ್ಯಾಸಲ್‌ರಾಕ್‌ದಾಗ ರೈಲು ನಿಂತರ ಪೆಟ್ಟಿಗಿ ಬಿಚ್ಚಿ ತೋರಿಸಬೇಕಾಗ್ತಿತ್ತಂತ. ಅದರಾಚೆ ಗೋವಾ. ಲಿಸ್ಬನ್ನಿನವರ ಲೆಕ್ಕದಾಗ ಅದು ಪೋರ್ತುಗಾಲದ್ದೇ ಒಂದು ಪ್ರಾಂತ. ಅಂದ್ರ 1961ರ ಡಿಸೆಂಬರ್ ತನಕ ನಮಗ ಯುರೋಪು ಲೋಂಡಾದ ಆಚೆಗೇ ಇತ್ತು. ಅಜ್ಜ ಯುರೋಪಿನ ಗಡಿ ದಾಟಿ ಗೇರಬೀಜ, ಒಣಮೀನ ತಕ್ಕೊಂಡು ಬರ್ತಿದ್ರು, ಬ್ಲಾಕ್ಡ್ ಅಕೌಂಟ್ ಇಲ್ಲದ!

ಹುಡುಗಿ: ಇದನ್ನ ಡೈರಿಗೆ ಹಾಕ್ತೀನಿ. ಆ ಗುಡ್ಡದ ಕಂಬದ ಹತ್ತಿರ ಕುಂತಾಗ ನನಗ ನೆನಪಾದದ್ದು ಕಣಕುಂಬಿ. ಅದನ್ನ ದಾಟಿ ಚೋರ್ಲಾ ಘಾಟ್ ಹೊಂಟರ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಒಂದಕ್ಕೊಂದು ಹತ್ತಿ ಬರ್ತಾವು. ಧ್ವಜ ಇಲ್ಲ, ಹೋಟೆಲ್ ಇಲ್ಲ, ಬರೇ ಅಡವಿ, ಮಂಜು.

ಕಾಕಾ: ಮತ್ತ ನೀರು. ಅದನ್ನ ಮರೀಬ್ಯಾಡ. ಒಂದೇ ತಾಲೂಕಿನ್ಯಾಗ ಹುಟ್ಟಿ ಮಲಪ್ರಭಾ ಮೂಡಲಕ್ಕ ಹೊಂಟಳು, ಮಹಾದಾಯಿ ಪಡುವಲಕ್ಕ. ಕಳಸಾ, ಬಂಡೂರಿ ಹಳ್ಳದ ನೀರು ಇತ್ತಾಗ ತಿರಗಿಸೂ ಸಲುವಾಗಿ ಗೋವಾದ ಕೂಡ ಎಷ್ಟು ವರ್ಷದ ಜಗಳಾ! 2018ರಾಗ ನ್ಯಾಯಾಧಿಕರಣ ನಮಗ 13.42 ಟಿಎಂಸಿ ಅಂತ ಹೇಳಿತು, ಅದರಾಗ ತಿರಗಿಸಾಕ ಸಿಕ್ಕದ್ದು 3.9. ಅವರದು ಸತುವು, ನಮ್ಮದು ನೀರು. ನಮ್ಮದು ಬರಿದಾಗೂದ್ರೊಳಗ ಬಗೆಹರಿದ್ರ ಪುಣ್ಯೇ. ಹೂಂ, ಚಹಾ ಆರ್ತು. ಆಚಿ ಓಣಿ ಹುಡುಗಿನೂ ಅಕ್ಟೋಬರಿಗೆ ಜರ್ಮನಿಗೆ ಹೊಂಟಾಳಂತ. ಅಕಿಗೆ ಏನು ಹೇಳಿ ಕಳಿಸ್ತಿ?

ಹುಡುಗಿ: ಭಾನುವಾರ ಅಲ್ಲೆ ಅಂಗಡಿ ತಗದಿರೂದಿಲ್ಲ, ಬುತ್ತಿ ಕಟ್ಟಿಕೊಂಡು ಹೊರಬೀಳು. ಮೊದಲ ತಿಂಗಳ ಪ್ಯಾರಿಸಿಗೆ ಅಂತ ರೊಕ್ಕ ಸುರಿಬ್ಯಾಡ, ಪಾಸು ಎಲ್ಲಿ ತನಕ ನಡೀತೈತೋ ಆ ಕಡೀ ಸ್ಟಾಪಿನ ತನಕ ಹೋಗಿ ನೋಡು. ಗಡಿ ಕಾಣೂದಿಲ್ಲ ಅಂತ ಪಾಸ್‌ಪೋರ್ಟು, ರೆಸಿಡೆನ್ಸ್ ಕಾರ್ಡು ರೂಮಿನ್ಯಾಗ ಬಿಟ್ಟು ಹೋಗಬ್ಯಾಡ. ಹೋಗೂಕಿಂತ ಮುಂಚೆ ಒಂದು ದಿನ ಹಲಸಿ ನೋಡಿ ಬಾ ಅಂತ ನೀವ ಹೇಳ್ರಿ. ನಾ ಹೇಳಿದ್ರ, ‘ನೀ ನೋಡಿಯೇನು’ ಅಂತಾಳ.